ಊರಿಗೊಂದು ಕೋಣೆ, ಎಲ್ಲ ವಯಸ್ಸಿಗೂ ಒಂದು ಕುರ್ಚಿ

ಗಂಡಸರನ್ನು ಗಲ್ಫಿಗೆ ಕಳುಹಿಸಿದ ಊರುಗಳಲ್ಲಿ ಹಗಲು ಹೊತ್ತು ಉಳಿಯುವವರು ಯಾರು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ವಯಸ್ಸಾದವರು, ಹೆಂಗಸರು, ಮಕ್ಕಳು, ಪರೀಕ್ಷೆ ಬರೆದು ಕೆಲಸಕ್ಕೆ ಕಾಯುತ್ತಿರುವ ಹುಡುಗರು, ವೀಸಾ ಮುಗಿಸಿ ಬಂದವರು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಬ್ಯಾರಿ ಮನೆಗಳ ಕಥೆ ಹೆಚ್ಚು ಕಡಿಮೆ ಇದೇ. ಇವರಿಗೆಲ್ಲ ಒಂದೊಂದು ಜಾಗ ಉಂಟು. ಮಕ್ಕಳಿಗೆ ಶಾಲೆ, ಮದ್ರಸ. ಹುಡುಗರಿಗೆ ಮೈದಾನ, ಕ್ಲಬ್. ಹಿರಿಯ ಗಂಡಸರಿಗೆ ಪಳ್ಳಿಯ ಜಗಲಿ, ಹೋಟೆಲಿನ ಬೆಂಚು. ಹೆಂಗಸರಿಗೆ ಅಡುಗೆಮನೆ, ಇಲ್ಲದಿದ್ದರೆ ಯಾರದಾದರೂ ಮದುವೆ ಮನೆ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಬಂದು ಕೂರುವ ಜಾಗ ಯಾವುದು ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ನಮ್ಮೂರಿನಲ್ಲಿ ಅಂತಹದೊಂದು ಜಾಗ ಇದೆ. ಅದು ನಮ್ಮ ವಾಚನಾಲಯ. ಕೆಳಗೆ ಒಂದು ದೊಡ್ಡ ಕೋಣೆ, ಮೇಲೆ ಒಂದು ಸಣ್ಣ ಹಾಲ್, ಹಿಂದೆ ಒಂದು ಶೌಚಾಲಯ, ಮುಂದೆ ಎರಡು ಸಿಮೆಂಟಿನ ಬೆಂಚು. ನೋಡಲಿಕ್ಕೆ ವಿಶೇಷವೇನೂ ಇಲ್ಲ. ಕಳೆದ ವರ್ಷ ಈ ಕೆಳಗಿನ ಕೋಣೆಯನ್ನು ಅಂಗಡಿಗೆ ಬಾಡಿಗೆ ಕೊಡುವ ಮಾತು ಬಂತು. ಆಗಲೇ ಈ ಕೋಣೆ ನಮಗೆ ಏನೇನು ಮಾಡಿಕೊಡುತ್ತಿದೆ ಎಂದು ನಾವು ಕೂತು ಲೆಕ್ಕ ಹಾಕಿದ್ದು. ಆ ಲೆಕ್ಕವನ್ನು ನಿಮ್ಮ ಮುಂದೆಯೂ ಇಡಬೇಕೆಂದು ಬರೆಯುತ್ತಿದ್ದೇನೆ. ಯಾಕೆಂದರೆ ನಿಮ್ಮೂರಿನಲ್ಲಿಯೂ ಇಂತಹ ಒಂದು ಕಟ್ಟಡ ಅರ್ಧ ಬಾಗಿಲು ಹಾಕಿಕೊಂಡು ನಿಂತಿರಬಹುದು.

ನಾನು ಬಂಟ್ವಾಳದ ಕಡೆಯವಳು. ಮದುವೆಯಾಗಿ ಗಡಿಯ ಈಚೆ ಬಂದೆ. ನಮ್ಮಲ್ಲಿ ಇದು ಹೊಸತಲ್ಲ. ತಲಪಾಡಿಯ ಆಚೆ ಈಚೆ ಹೆಣ್ಣು ಕೊಟ್ಟು ತಂದ ಮನೆಗಳೇ ಹೆಚ್ಚು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನನಗೆ ಇಲ್ಲಿ ಭಾಷೆಯ ತೊಂದರೆ ಆಗಲಿಕ್ಕಿಲ್ಲ ಎಂದೇ ಎಲ್ಲರೂ ಹೇಳಿದ್ದರು. ಮಾತಿಗೆ ತೊಂದರೆಯಾಗಲಿಲ್ಲ. ಬ್ಯಾರಿ ಗೊತ್ತಿದ್ದವರ ಕಿವಿಗೆ ಮಲಯಾಳಂ ಅರ್ಧ ಅರ್ಥವಾಗುತ್ತದೆ. ಕಣ್ಣಿಗೆ ಮಾತ್ರ ಒಂದಕ್ಷರವೂ ಅರ್ಥವಾಗುವುದಿಲ್ಲ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ನೋಟೀಸು, ಆಸ್ಪತ್ರೆಯ ಚೀಟಿಯ ಹಿಂದೆ ಬರೆದ ಸೂಚನೆ, ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹಾಕಿದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಆವತ್ತಿನಿಂದ ಇಲ್ಲಿಯ ಕನ್ನಡ ಓದಿದ ಮನೆಗಳಿಗೆಲ್ಲ ಈ ಕಷ್ಟ ಗೊತ್ತು. ಕನ್ನಡದಲ್ಲಿ ಅರ್ಜಿ ಕೊಡಬಹುದು ಎಂಬ ಹಕ್ಕು ಕಾನೂನಿನಲ್ಲಿದೆ. ಆದರೆ ಹಕ್ಕು ಉಂಟು ಎಂದು ತಿಳಿಯಲಿಕ್ಕೂ ಯಾರಾದರೂ ಒಬ್ಬರು ಓದಿ ಹೇಳಬೇಕಲ್ಲ.

ಹಾಗೆ ಓದಿ ಹೇಳುವವರು ನನಗೆ ಸಿಕ್ಕಿದ್ದು ವಾಚನಾಲಯದಲ್ಲಿ.

ಕೇರಳದಲ್ಲಿ ಊರೂರಿಗೆ ವಾಚನಾಲಯ ಇರುವುದರ ಹಿಂದೆ ದೊಡ್ಡ ಚರಿತ್ರೆ ಇದೆ. 1945ರಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮಾಸ್ತರರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ತಿರುವಾಂಕೂರಿನ ಗ್ರಂಥಶಾಲಾ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19ನ್ನು ಈಗಲೂ ವಾಚನ ದಿನ ಎಂದು ಶಾಲೆಗಳಲ್ಲಿ ಆಚರಿಸುತ್ತಾರೆ. ನಿಮ್ಮ ಮಕ್ಕಳು ಚಾರ್ಟ್ ಬರೆದುಕೊಂಡು ಹೋದದ್ದು ನೆನಪಿರಬಹುದು. ಅತ್ತ ತಿರುವಾಂಕೂರಿನಲ್ಲಿ ಇದು ನಡೆಯುವಾಗ ನಮ್ಮ ಕಾಸರಗೋಡು ಮದರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದರಾಸಿನಲ್ಲಿ 1948ರಲ್ಲಿಯೇ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತ್ತು. ಮುಂದೆ 1989ರಲ್ಲಿ ಇಡೀ ಕೇರಳಕ್ಕೆ ಒಂದೇ ಕಾಯಿದೆಯಾಗಿ, ಊರಿನ ವಾಚನಾಲಯಗಳು ರಾಜ್ಯ ಗ್ರಂಥಾಲಯ ಕೌನ್ಸಿಲಿನ ಅಡಿಯಲ್ಲಿ ಬಂದವು. ಕೌನ್ಸಿಲಿನಿಂದ ವರ್ಷಕ್ಕೊಮ್ಮೆ ಗ್ರಾಂಟ್ ಬರುತ್ತದೆ, ಗ್ರಂಥಪಾಲಕರಿಗೆ ಸಣ್ಣದೊಂದು ಗೌರವಧನ ಸಿಗುತ್ತದೆ. ಸದಸ್ಯರೇ ಸೇರಿ ಸಮಿತಿ ಆರಿಸುತ್ತಾರೆ. ನಾವು ಮನೆಗೆ ತೆರಿಗೆ ಕಟ್ಟುವಾಗ ಗ್ರಂಥಾಲಯ ಸೆಸ್ ಎಂದು ಒಂದು ಸಾಲು ಇರುತ್ತದೆ, ಯಾವತ್ತಾದರೂ ರಶೀದಿ ನೋಡಿ. ಅಂದರೆ ವಾಚನಾಲಯದ ಮೆಟ್ಟಿಲು ಹತ್ತದವರೂ ಅದಕ್ಕೆ ಹಣ ಕೊಡುತ್ತಿದ್ದಾರೆ. ಕೊಟ್ಟ ಮೇಲೆ ಹೋಗಿ ಕೂರುವುದು ಲೇಸು.

ಪುಸ್ತಕದಲ್ಲಿ ಬರೆದಂತೆ ವಾಚನಾಲಯಕ್ಕೆ ಬಾಲವೇದಿ, ಯುವಜನವೇದಿ, ವನಿತಾವೇದಿ, ವಯೋಜನವೇದಿ ಎಂದು ಬೇರೆ ಬೇರೆ ವಿಭಾಗಗಳು. ಒಂದೊಂದು ವಯಸ್ಸಿಗೆ ಒಂದೊಂದು ಕಾರ್ಯಕ್ರಮ. ನಮ್ಮಲ್ಲಿ ಇರುವುದು ಒಂದೇ ಕೋಣೆಯಾದ್ದರಿಂದ ಈ ವೇದಿಗಳೆಲ್ಲ ಒಂದರ ಮೇಲೆ ಒಂದು ಬಿದ್ದುಕೊಂಡಿರುತ್ತವೆ. ಮೊದಲು ಇದು ಕೊರತೆ ಎಂದೇ ಎಲ್ಲರೂ ಹೇಳುತ್ತಿದ್ದರು. ನನಗೆ ಈಗ ಇದೇ ದೊಡ್ಡ ಲಾಭ ಎಂದು ಕಾಣುತ್ತದೆ.

ನನ್ನ ಅತ್ತೆಯ ಉದಾಹರಣೆ ಹೇಳುತ್ತೇನೆ. ಅವರನ್ನು ನಾನು ಕರೆಯುವುದು ಉಮ್ಮ ಎಂದೇ. ಉಮ್ಮ ಶಾಲೆಗೆ ಹೋದವರಲ್ಲ. ಹಿಂದಿನ ಕಾಲದ ಮದ್ರಸದಲ್ಲಿ ಅರಬಿ-ಮಲಯಾಳಂ ಕಲಿತವರು. ಅರಬಿ ಅಕ್ಷರದಲ್ಲಿ ಬರೆದ ಮಲಯಾಳಂ ಕಿತಾಬನ್ನು ಈಗಲೂ ಸರಾಗವಾಗಿ ಓದುತ್ತಾರೆ. ಪತ್ರಿಕೆಯ ಮಲಯಾಳಂ ಅಕ್ಷರ ಬರುವುದಿಲ್ಲ, ಕನ್ನಡ ಅಕ್ಷರವೂ ಬರುವುದಿಲ್ಲ. ಸರಕಾರದ ಲೆಕ್ಕದಲ್ಲಿ ಅವರು ಓದು ಬರಹ ಇಲ್ಲದವರು. ಮೊಣಕಾಲು ನೋವಿದ್ದರೂ ಸಂಜೆ ಅಸರ್ ಮುಗಿಸಿ ಕೋಲು ಹಿಡಿದುಕೊಂಡು ವಾಚನಾಲಯದ ತನಕ ನಡೆಯುತ್ತಾರೆ. ಡಾಕ್ಟರ್ ನಡೆಯಲಿಕ್ಕೆ ಹೇಳಿದ್ದಾರೆ, ಕೂರಲಿಕ್ಕೆ ಒಂದು ಜಾಗ ಬೇಕು, ಅಷ್ಟೇ.

ಅಲ್ಲಿ ಮಕ್ಕಳು ಮನೆಪಾಠ ಮಾಡುತ್ತಿರುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮಲಯಾಳಂ ಓದುವುದು ಕಷ್ಟ. ಅಕ್ಷರ ಗೊತ್ತು, ಕೂಡಿಸಿ ಓದಿದರೆ ಅರ್ಥ ಹೊಳೆಯುವುದಿಲ್ಲ. ಒಂದು ದಿನ ಐದನೇ ತರಗತಿಯ ಹುಡುಗನೊಬ್ಬ ಮಲಯಾಳಂ ಪತ್ರಿಕೆಯ ಒಂದು ಸುದ್ದಿಯನ್ನು ತಡವರಿಸಿಕೊಂಡು ಜೋರಾಗಿ ಓದುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಉಮ್ಮ, "ಮೋನೆ, ಆ ಮಾತು ಇನ್ನೊಮ್ಮೆ ಹೇಳು" ಎಂದರು. ಅವನು ಹೇಳಿದ. ಉಮ್ಮ ಅದರ ಅರ್ಥವನ್ನು ಬ್ಯಾರಿಯಲ್ಲಿ ಬಿಡಿಸಿದರು. ಮುಂದಿನ ಸಾಲಿಗೂ ಹಾಗೆಯೇ. ಹುಡುಗನಿಗೆ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಉಮ್ಮನಿಗೆ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಇಬ್ಬರೂ ಸೇರಿದಾಗ ಒಂದು ಪತ್ರಿಕೆ ಓದಿ ಮುಗಿಯಿತು. ಅದು ಅಂದಿಗೇ ನಿಲ್ಲಲಿಲ್ಲ. ಈಗ ಮೂರು ನಾಲ್ಕು ಮಕ್ಕಳು, ಇಬ್ಬರು ಮೂವರು ಅಜ್ಜಿಯಂದಿರು. ಆ ಹುಡುಗ ಈಗ ಮಲಯಾಳಂನಲ್ಲಿ ತರಗತಿಯ ಉಳಿದವರಿಗಿಂತ ಹಿಂದೆ ಇಲ್ಲ. ಉಮ್ಮನಿಗೆ ಊರಿನ ಯಾವ ರಸ್ತೆಗೆ ಡಾಮರು ಬರುತ್ತದೆ ಎಂಬುದು ನಮಗಿಂತ ಮೊದಲು ಗೊತ್ತಾಗುತ್ತದೆ. ಬಾಲವೇದಿ ಶನಿವಾರ, ವಯೋಜನವೇದಿ ಭಾನುವಾರ ಎಂದು ಬೇರೆ ಮಾಡಿದ್ದರೆ ಇವರಿಬ್ಬರೂ ಒಂದೇ ಮೇಜಿಗೆ ಬರುತ್ತಲೇ ಇರಲಿಲ್ಲ.

ಇನ್ನು ಹೆಂಗಸರ ವಿಷಯ. ವಾಚನಾಲಯಕ್ಕೆ ಹೋಗುತ್ತೇನೆ ಎಂದರೆ ಮೊದಲೆಲ್ಲ ಮನೆಯಲ್ಲಿ, "ಅಲ್ಲಿ ಗಂಡಸರು ಇರುತ್ತಾರಲ್ಲ" ಎಂಬ ಮಾತು ಬರುತ್ತಿತ್ತು. ನಮಗೆ ಬಾಗಿಲು ತೆರೆದದ್ದು ಕುಟುಂಬಶ್ರೀ. ಕೇರಳದಲ್ಲಿ 1998ರಲ್ಲಿ ಶುರುವಾದ ಈ ಯೋಜನೆಯಲ್ಲಿ ನೆರೆಮನೆಯ ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ಒಂದು ಅಯಲ್‌ಕೂಟ. ವಾರಕ್ಕೊಮ್ಮೆ ಸಭೆ, ಉಳಿತಾಯ, ಸಾಲ. ನಮ್ಮ ಕೂಟದ ಸಭೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತಿತ್ತು. ಯಾರ ಮನೆಯಲ್ಲಿ ಸಭೆಯೋ ಅವರಿಗೆ ಚಹಾ, ತಿಂಡಿಯ ಖರ್ಚು, ಜೊತೆಗೆ ಮನೆ ಗುಡಿಸಿ ಒರೆಸುವ ಕೆಲಸ. ಸಣ್ಣ ಮನೆಯವರಿಗೆ ಸಂಕೋಚ. ಅದಕ್ಕಾಗಿ ಸಭೆಯನ್ನು ವಾಚನಾಲಯಕ್ಕೆ ತಂದೆವು. ಸಭೆಗೆ ಬಂದವರು ಮಕ್ಕಳನ್ನೂ ಕರೆದುಕೊಂಡು ಬಂದರು. ಮಕ್ಕಳು ಚಿತ್ರದ ಪುಸ್ತಕ ಹಿಡಿದರು. ತಾಯಂದಿರು ಸಭೆ ಮುಗಿದ ಮೇಲೂ ಐದು ನಿಮಿಷ ಹೆಚ್ಚು ಕೂತರು. ಐದು ನಿಮಿಷ ಅರ್ಧ ಗಂಟೆಯಾಯಿತು.

ಹಾಗೆ ಕೂತಾಗಲೇ ಒಬ್ಬಳು, "ನನಗೆ ಹತ್ತನೇ ಪಾಸಾಗಬೇಕೆಂದು ಆಸೆ ಉಂಟು" ಎಂದದ್ದು. ಏಳನೇಯ ನಂತರ ಶಾಲೆ ಬಿಟ್ಟು, ಬೀಡಿ ಕಟ್ಟಿ, ಮದುವೆಯಾಗಿ, ಈಗ ಮಗಳು ಕಾಲೇಜಿಗೆ ಹೋಗುತ್ತಿರುವವಳು. ಸಾಕ್ಷರತಾ ಮಿಷನ್ ನಡೆಸುವ ಹತ್ತನೇ ತರಗತಿಯ ತುಲ್ಯತಾ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು ಎಂದು ಹೇಳಿದ್ದು ಆಚೆ ಮೇಜಿನಲ್ಲಿ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಅವನಿಗೆ ನಮ್ಮ ಮಾತು ಕೇಳಿಸಿತ್ತು. ಫಾರಂ ತುಂಬಿಸಿದವನೂ ಅವನೇ. ರಜಾ ದಿನ ಶಾಲೆಯಲ್ಲಿ ತರಗತಿ, ಸಂಜೆ ವಾಚನಾಲಯದಲ್ಲಿ ಗಣಿತ. ಗಣಿತ ಹೇಳಿಕೊಟ್ಟದ್ದು ನಿವೃತ್ತ ಮಾಸ್ತರರೊಬ್ಬರು. ಅವರ ಪತ್ನಿ ತೀರಿಹೋಗಿ, ಮಕ್ಕಳು ಬೆಂಗಳೂರಿಗೆ ಹೋಗಿ, ಮನೆಯಲ್ಲಿ ಮಾತಾಡಲಿಕ್ಕೆ ಜನ ಇಲ್ಲದೆ ವಾಚನಾಲಯಕ್ಕೆ ಬರುತ್ತಿದ್ದವರು. ಅವಳು ಪಾಸಾದಳು. ಮಾಸ್ತರರು ಪೇಟೆಯಿಂದ ಲಾಡು ತಂದು ಹಂಚಿದರು. ಪಾಸಾದವಳು ಅವಳು, ಲಾಡು ತಂದವರು ಅವರು. ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಗಲ್ಫಿನಿಂದ ಬಂದವರ ಕಥೆ ಬೇರೆ. ನಮ್ಮ ಪಕ್ಕದ ಮನೆಯ ಕಾಕ ದುಬೈಯ ಗ್ರೋಸರಿಯಲ್ಲಿ ಇಡೀ ಯೌವನ ಕಳೆದವರು. ಬಂದ ಹೊಸತರಲ್ಲಿ ಎಲ್ಲರಿಗೂ ಬೇಕಾದವರು. ಪೆಟ್ಟಿಗೆ ಖಾಲಿಯಾಗುತ್ತಾ ಬಂದಂತೆ ಬರುವವರೂ ಕಡಿಮೆಯಾದರು. ವಾಚನಾಲಯದಲ್ಲಿ ಪತ್ರಿಕೆ ಮಡಚಿಕೊಂಡು ಸುಮ್ಮನೆ ಕೂರುತ್ತಿದ್ದರು. ಅದೇ ಪಿಎಸ್‌ಸಿ ಹುಡುಗ ಒಂದು ದಿನ, "ಕಾಕ, ನಿಮಗೆ ಪ್ರಾಯ ಎಷ್ಟಾಯಿತು?" ಎಂದು ಕೇಳಿದ. 58. ಪ್ರವಾಸಿ ಕ್ಷೇಮನಿಧಿಗೆ 60 ತುಂಬುವ ಮೊದಲು ಸೇರಬೇಕು, ತಿರುಗಿ ಬಂದವರೂ ಸೇರಬಹುದು ಎಂದು ಅವನು ಹೇಳಿದ ಮೇಲೆ ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ ಹುಡುಕಿ ತಂದು ಅರ್ಜಿ ಹಾಕಿದರು. ಆಚೆ ಬೀದಿಯ ಇನ್ನೊಬ್ಬರಿಗೆ ಈ ಸಂಗತಿ ತಿಳಿಯುವಾಗ 61 ಆಗಿತ್ತು. ಅವರು ವಾಚನಾಲಯದ ಕಡೆ ಬಂದವರೇ ಅಲ್ಲ. ಎರಡು ಮನೆಗಳ ನಡುವೆ ಇನ್ನೂರು ಹೆಜ್ಜೆ ದೂರ ಇಲ್ಲ. ಒಬ್ಬರು ಸಂಜೆ ಎಲ್ಲಿ ಕೂರುತ್ತಿದ್ದರು, ಇನ್ನೊಬ್ಬರು ಎಲ್ಲಿ ಕೂರುತ್ತಿದ್ದರು ಎಂಬುದರಲ್ಲಿ ಇಷ್ಟು ವ್ಯತ್ಯಾಸ.

2020ರ ಮಾರ್ಚ್ ಕೊನೆಯ ದಿನಗಳನ್ನು ಗಡಿಯ ಈಚೆಯ ಯಾರೂ ಮರೆಯಲಿಕ್ಕಿಲ್ಲ. ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಬಿತ್ತು. ನಮ್ಮ ಕಡೆಯವರಿಗೆ ಜ್ವರ ಬಂದರೂ ಮಂಗಳೂರು, ಹೆರಿಗೆಗೂ ಮಂಗಳೂರು, ಡಯಾಲಿಸಿಸಿಗೂ ಮಂಗಳೂರು. ಆ ದಾರಿ ಮುಚ್ಚಿ ಕೆಲವರ ಜೀವವೇ ಹೋಯಿತು. ಆಗ ವಾಚನಾಲಯದ ಬಾಗಿಲು ಓದಲಿಕ್ಕೆ ತೆರೆಯಲಿಲ್ಲ. ಆದರೆ ಅಲ್ಲಿ ದಿನಾ ಸಂಜೆ ಕೂತು ಗೊತ್ತಿದ್ದ ಹುಡುಗರಿಗೆ ಯಾವ ಅಜ್ಜನಿಗೆ ಸಕ್ಕರೆ ಕಾಯಿಲೆ, ಯಾವ ಅಜ್ಜಿ ಹೃದಯದ ಮಾತ್ರೆ ನುಂಗುತ್ತಾರೆ, ಯಾರ ಮನೆಯಲ್ಲಿ ಗಂಡಸರಿಲ್ಲ ಎಂಬುದೆಲ್ಲ ಬಾಯಿಪಾಠವಾಗಿತ್ತು. ಪಂಚಾಯತಿನವರು ಪಟ್ಟಿ ಕೇಳುವ ಮೊದಲೇ ನಮ್ಮ ವಾರ್ಡಿನ ಪಟ್ಟಿ ತಯಾರಾಯಿತು. ಮಾತ್ರೆಯ ಖಾಲಿ ಪಟ್ಟಿಯ ಫೋಟೋ ತೆಗೆದು ಕಾಸರಗೋಡಿನ ಅಂಗಡಿಗಳಿಗೆ ಕಳುಹಿಸಿ ಔಷಧ ತರಿಸಿದರು. ಅಂತಹ ಪಟ್ಟಿಯನ್ನು ಒಂದು ದಿನದಲ್ಲಿ ಮಾಡಲಿಕ್ಕೆ ಆಗುವುದಿಲ್ಲ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತವರಿಗೆ ಮಾತ್ರ ಆಗುತ್ತದೆ. ಆಮೇಲೆ ಅವರಲ್ಲಿ ಕೆಲವರು ಪಂಚಾಯತಿನ ಪ್ಯಾಲಿಯೇಟಿವ್ ನರ್ಸಿನ ಜೊತೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. ಈಗಲೂ ಹೋಗುತ್ತಿದ್ದಾರೆ.

ಇಷ್ಟೆಲ್ಲ ಆದ ಮೇಲೂ ಕಳೆದ ವರ್ಷದ ಸಮಿತಿ ಸಭೆಯಲ್ಲಿ ಬಾಡಿಗೆಯ ಮಾತು ಬಂತು. ಹೇಳಿದವರು ಕೆಟ್ಟವರೇನೂ ಅಲ್ಲ. ಕರೆಂಟು ಬಿಲ್ಲು, ಪತ್ರಿಕೆಯ ಚಂದಾ, ಸೋರುವ ಮಾಡಿನ ರಿಪೇರಿ, ಎಲ್ಲ ಅವರ ತಲೆಯ ಮೇಲೆಯೇ ಇತ್ತು. "ಕೆಳಗಿನ ಕೋಣೆಗೆ ಒಳ್ಳೆಯ ಬಾಡಿಗೆ ಸಿಗುತ್ತದೆ. ಪುಸ್ತಕ ಮೇಲಿನ ಹಾಲಿಗೆ ಇಡುವ. ಪುಸ್ತಕ ಕೊಂಡುಹೋಗುವವರು ಎಷ್ಟು ಜನ ಇದ್ದಾರೆ, ರಿಜಿಸ್ಟರ್ ನೋಡಿ" ಎಂದರು. ರಿಜಿಸ್ಟರ್ ನಿಜಕ್ಕೂ ತೆಳ್ಳಗಿತ್ತು. ಅದರಲ್ಲಿ ಸುಳ್ಳು ಇರಲಿಲ್ಲ.

ಆಗ ನಾನು ಕೇಳಿದ್ದು ಒಂದೇ. "ಉಮ್ಮ ಮೆಟ್ಟಿಲು ಹತ್ತುವುದು ಹೇಗೆ?" ಒಂದು ವಾರ ಸಮಯ ಕೊಡಿ ಎಂದೆ. ಆ ವಾರ ನಾನೂ ಗ್ರಂಥಪಾಲಕಿಯೂ ಒಂದು ನೋಟ್‌ಬುಕ್ ಇಟ್ಟುಕೊಂಡು ಬಾಗಿಲ ಹತ್ತಿರ ಕೂತೆವು. ಯಾರು ಬಂದರು, ಯಾಕೆ ಬಂದರು, ಎಷ್ಟು ಹೊತ್ತು ಕೂತರು. ಹೆಸರು ಬರೆಯಲಿಲ್ಲ, ವಯಸ್ಸು ಮಾತ್ರ. ಪೆನ್ಶನಿನ ಮಸ್ಟರಿಂಗಿಗೆ ಯಾವಾಗ ಹೋಗಬೇಕು ಎಂದು ಕೇಳಲಿಕ್ಕೆ ಬಂದವರು. ಮಗುವಿನ ಸ್ಕಾಲರ್‌ಶಿಪ್ ಫಾರಂ ತಂದವರು. ಟ್ಯೂಷನಿಗೆ ಹೋಗುವ ಮಗಳು ಬರುವ ತನಕ ಕಾದು ಕೂತ ತಾಯಿ. ಕೇರಂ ಆಡಲಿಕ್ಕೆ ಬಂದು, ಗ್ಯಾಸ್ ಸಿಲಿಂಡರ್ ಎತ್ತಿಕೊಡಲು ಪಕ್ಕದ ಮನೆಗೆ ಎದ್ದುಹೋದ ಹುಡುಗರು. ಶೌಚಾಲಯಕ್ಕೆಂದು ನಿಂತ ಮೀನು ಮಾರುವ ಹೆಂಗಸು. ಬಿಸಿಲಿಗೆ ಬಂದು ಬೆಂಚಿನಲ್ಲಿ ಕೂತು, ಯಾರೊಡನೆಯೂ ಮಾತಾಡದೆ ಎದ್ದುಹೋದ ಒಬ್ಬ ಅಜ್ಜ. ಪುಸ್ತಕದ ರಿಜಿಸ್ಟರಿನಲ್ಲಿ ಇವರಲ್ಲಿ ಯಾರೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬ್ಯಾರಿಗಳು ಮಾತ್ರ ಇದ್ದರೆಂದಲ್ಲ. ತುಳುವರು, ಕೊಂಕಣಿಯವರು, ಮಲಯಾಳಿಗಳು, ನಮ್ಮ ಬೀದಿಯಲ್ಲಿ ಯಾರೆಲ್ಲ ಇದ್ದಾರೋ ಅವರೆಲ್ಲ ಇದ್ದರು.

ಮುಂದಿನ ಸಭೆಯಲ್ಲಿ ಆ ನೋಟ್‌ಬುಕ್ಕನ್ನು ಓದಿದೆ. ವಾದ ಮಾಡಲಿಲ್ಲ, ಓದಿದ್ದಷ್ಟೇ. ಬಾಡಿಗೆಯ ಮಾತು ತೆಗೆದವರೇ ಕೊನೆಗೆ, "ಹಾಗಾದರೆ ಮೇಲಿನ ಹಾಲನ್ನು ಬೆಳಗ್ಗಿನ ಹೊತ್ತು ಹೊಲಿಗೆ ಕ್ಲಾಸಿಗೆ ಕೊಡುವ" ಎಂದರು. ಅದರಿಂದ ಬರುವ ಹಣ ಅಂಗಡಿಯ ಬಾಡಿಗೆಯ ಹತ್ತಿರಕ್ಕೂ ಬರುವುದಿಲ್ಲ. ಮಾಡಿನ ರಿಪೇರಿ ಇನ್ನೂ ಅರ್ಧದಲ್ಲಿದೆ. ಒಂದು ವರ್ಷ ನೋಡುವ ಎಂದು ತೀರ್ಮಾನವಾಗಿದೆ. ಆ ವರ್ಷ ಮುಗಿಯಲಿಕ್ಕೆ ಹೆಚ್ಚು ದಿನ ಇಲ್ಲ. ಕೆಳಗಿನ ಕೋಣೆ ಉಳಿಯುತ್ತದೆ ಎಂದು ನಾನು ಖಚಿತವಾಗಿ ಹೇಳಲಾರೆ.

ಈ ವರ್ಷದಲ್ಲಿ ನಾವು ಮಾಡಿದ್ದು ಸಣ್ಣ ಸಣ್ಣ ಕೆಲಸ. ಕೈ ಇರುವ ನಾಲ್ಕು ಕುರ್ಚಿ ತಂದೆವು, ಯಾಕೆಂದರೆ ಮೊಣಕಾಲು ನೋವಿನವರಿಗೆ ಬೆಂಚಿನಿಂದ ಏಳಲಿಕ್ಕೆ ಆಗುವುದಿಲ್ಲ. ಶೌಚಾಲಯಕ್ಕೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿದೆವು. ಬಾಗಿಲ ಮೆಟ್ಟಿಲಿಗೆ ಸಿಮೆಂಟಿನ ಇಳಿಜಾರು ಮಾಡಿಸಿದೆವು. ಮಲಯಾಳಂ ಪತ್ರಿಕೆಯ ಪಕ್ಕದಲ್ಲಿ ಎರಡು ಕನ್ನಡ ಪತ್ರಿಕೆ ನಿಲ್ಲದಂತೆ ನೋಡಿಕೊಂಡೆವು. ಅದರ ಚಂದಾವನ್ನು ಅಬುಧಾಬಿಯಲ್ಲಿರುವ ನಮ್ಮೂರ ಇಬ್ಬರು ಹುಡುಗರು ಕಟ್ಟುತ್ತಾರೆ. ಮುಖ್ಯವಾಗಿ, ಸಂಜೆ ನಾಲ್ಕೂವರೆಯಿಂದ ಮಗ್ರಿಬ್ ತನಕ ಯಾವ ಕಾರ್ಯಕ್ರಮವನ್ನೂ ಇಡಬಾರದು ಎಂದು ನಿಯಮ ಮಾಡಿದೆವು. ಆ ಹೊತ್ತು ಮಕ್ಕಳದು, ಅಜ್ಜಿಯರದು, ಹುಡುಗರದು, ಎಲ್ಲರದು. ಭಾಷಣ, ಸನ್ಮಾನ, ಉದ್ಘಾಟನೆ ಬೇರೆ ಹೊತ್ತಿಗೆ ಆಗಲಿ.

ನಮ್ಮ ಸಮುದಾಯದವರು ಕೊಡುಗೈ ಜನ. ಪಳ್ಳಿಗೆ, ಮದ್ರಸಕ್ಕೆ, ಬಡ ಹೆಣ್ಮಕ್ಕಳ ಮದುವೆಗೆ, ರೋಗಿಗಳ ಚಿಕಿತ್ಸೆಗೆ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಾರೆ. ವಾಚನಾಲಯಕ್ಕೆ ಹಣಕ್ಕಿಂತ ಮೊದಲು ಬೇಕಾದದ್ದು ಕೂರುವ ಜನ. ಊರಿಗೆ ರಜೆಯಲ್ಲಿ ಬಂದವರು ಮದುವೆ, ಪೇಟೆ, ಆಸ್ಪತ್ರೆಯ ನಡುವೆ ಒಂದು ಸಂಜೆ ಬಂದು ಕೂರಿ. ನಿಮ್ಮ ಉಪ್ಪನನ್ನೋ ಉಮ್ಮನನ್ನೋ ಕರೆದುಕೊಂಡು ಬನ್ನಿ. ಮೊಬೈಲಿನಲ್ಲಿ ಮುಳುಗಿದ ಮಗನನ್ನೂ ಕರೆತನ್ನಿ. ಅವನು ಪುಸ್ತಕ ತೆರೆಯದಿದ್ದರೂ ಚಿಂತೆ ಇಲ್ಲ. ಯಾರಾದರೂ ಒಬ್ಬ ಅಜ್ಜಿ ಅವನಿಂದ ಒಂದು ನೋಟೀಸು ಓದಿಸಿಕೊಳ್ಳುತ್ತಾರೆ. ನಿಮ್ಮೂರ ಕಟ್ಟಡದ ಬಾಗಿಲು ಹಾಕಿದ್ದರೆ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಮೊದಲು ವಿಚಾರಿಸಿ. ಹೆಚ್ಚಾಗಿ ಅದು ನಿಮಗೆ ಪರಿಚಯದ ಮನೆಯೇ ಆಗಿರುತ್ತದೆ.